ಮಾತು ಕೇಳದ ನಾಲ್ಕನೇ ವಾಲ್ವು

ಪೆಟ್ಟಿಗೆ ಮೂವತ್ತೆಂಟು ಡಿಗ್ರಿ ಎಂದು ಹೇಳಿತ್ತು. ವಾಲ್ವು ಆಯಿತು ಎಂದಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಸಂಭಾಷಣೆ ಸಾಲುಸಾಲಾಗಿ ದಾಖಲಾಗಿತ್ತು: ಆದೇಶ ಹೋಯಿತು, ಆದೇಶ ತಲುಪಿತು, ಮತ್ತೆ ಹೋಯಿತು, ಮತ್ತೆ ತಲುಪಿತು. ಬೆಳಗ್ಗಿನಿಂದ ಹತ್ತೊಂಬತ್ತು ಸಲ. ಕೈಚಾಚಿ ರೇಡಿಯೇಟರನ್ನು ಮುಟ್ಟಿದೆ. ತಣ್ಣಗಿತ್ತು.

ಮಲ್ಲಂದೂರಿನಾಚೆಯ ಒಂದು ಎಸ್ಟೇಟಿನ ಒಣಗಿಸುವ ಮನೆ ಅದು. ಹಿಂದೆ ಗೊಬ್ಬರದ ಗೋದಾಮಾಗಿತ್ತಂತೆ. ಈಗ ಅದರ ಉದ್ದಕ್ಕೂ ಕಬ್ಬಿಣದ ಚೌಕಟ್ಟುಗಳು, ಅವುಗಳಲ್ಲಿ ಒಂದರ ಮೇಲೊಂದು ಜಾಲರಿ ಟ್ರೇಗಳು, ಟ್ರೇಗಳಲ್ಲಿ ಪಾರ್ಚ್‌ಮೆಂಟ್. ಹಣ್ಣಿನ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಹುದುಗಿಸಿ ತೊಳೆದ ಮೇಲೆ ತೆಳ್ಳನೆಯ ಹೊಟ್ಟಿನೊಳಗೆ ಉಳಿಯುವ ಕಾಫಿ ಬೀಜಕ್ಕೆ ಆ ಹೆಸರು. ಗೋಡೆಗೆ ಒತ್ತಿ ನಾಲ್ಕು ರೇಡಿಯೇಟರುಗಳು. ಹೊರಗಿನ ಸೌದೆ ಬಾಯ್ಲರಿನ ಬಿಸಿನೀರನ್ನು ಒಂದು ಪಂಪು ತಂದು ಅವುಗಳೊಳಗೆ ಸುತ್ತಿಸುತ್ತದೆ. ಪ್ರತಿ ರೇಡಿಯೇಟರಿಗೂ ಒಂದು ವಾಲ್ವು, ವಾಲ್ವಿನ ತಲೆಯ ಮೇಲೆ ಮುಷ್ಟಿಗಾತ್ರದ ಬ್ಯಾಟರಿ ಮೋಟಾರು. ಕಂಟ್ರೋಲ್ ಪೆಟ್ಟಿಗೆ ತಂತಿಯಿಲ್ಲದೆ ಆದೇಶ ಕಳಿಸಿದರೆ ಮೋಟಾರು ವಾಲ್ವಿನ ಪಿನ್ನನ್ನು ಒತ್ತಿಯೋ ಸಡಿಲಿಸಿಯೋ ಬಿಸಿನೀರನ್ನು ಹೆಚ್ಚು ಕಡಿಮೆ ಮಾಡಬೇಕು. ಇವನ್ನೆಲ್ಲ ಕೂರಿಸಿದವಳು ನಾನೇ. ನಾಲ್ಕನೆಯದರ ಪುಟ್ಟ ಪರದೆಗೆ ಒದ್ದೆ ಟ್ರೇಗಳ ನೀರು ಸಿಡಿಯದಿರಲೆಂದು ಅದನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದವಳೂ ನಾನೇ. ಈ ಮಾತು ಮುಂದೆ ಬೇಕಾಗುತ್ತದೆ.

ಒಂದು, ಎರಡು, ಮೂರು ಹೇಳಿದಂತೆ ಕೇಳುತ್ತಿದ್ದವು. ನಾಲ್ಕು ಮಾತ್ರ ಕೇಳುತ್ತಿರಲಿಲ್ಲ. ನಾಲ್ಕು ಇದ್ದದ್ದು ಹಿಂಬಾಗಿಲಿನ ಪಕ್ಕ. ತೊಳೆಯುವ ತೊಟ್ಟಿಗಳು ಆ ಬಾಗಿಲಿನಾಚೆಯೇ ಇರುವುದರಿಂದ ನೀರು ಸುರಿಯುವ ಹೊಸ ಟ್ರೇಗಳೆಲ್ಲ ಮೊದಲು ಬಂದು ಕೂರುವುದು ಅದರ ಮುಂದೆ. ಎಲ್ಲಕ್ಕಿಂತ ಒದ್ದೆ ಬೀಜಕ್ಕೆ ಎಲ್ಲಕ್ಕಿಂತ ತಣ್ಣನೆಯ ಮೂಲೆ.

ಹೊರಗೆ ಮೂರು ದಿನದಿಂದ ಮೋಡ, ನಡುನಡುವೆ ಜಿಟಿಜಿಟಿ. ಕೊಯ್ಲಿನ ಕಾಲದಲ್ಲಿ ಬರಬಾರದ ಮಳೆ. ಕಾಫಿ ಕಣದ ಮೇಲೆ ಟಾರ್ಪಾಲು ಹೊದೆಸಿ ಕಲ್ಲು ಹೇರಿದ್ದರು.

"ಈ ಲಾಟು ಒಂದು ಉಳ್ದ್ರೆ ಸಾಕು ಮೇಡಂ," ಎಂದರು ಎಸ್ಟೇಟಿನ ಯಜಮಾನರು. ಅರವತ್ತು ದಾಟಿದವರು, ತಲೆಗೆ ಉಣ್ಣೆಯ ಟೊಪ್ಪಿ. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. "ಹಣ್ಣಾಗಿದ್ದನ್ನೇ ಆರ್ಸಿ ಆರ್ಸಿ ಕುಯ್ಸಿದೀವಿ. ಮುಂದಿನ ವಾರ ಕೊಳ್ಳೋವ್ರು ಬಂದು ಕುಡ್ದು ನೋಡ್ತಾರೆ. ಮುಗ್ಗು ವಾಸ್ನೆ ಒಂದು ಹತ್ತಿದ್ರೆ ಮುಗೀತು, ಎಲ್ಲದರ ಜೊತೆ ರಾಶಿಗೆ ಸುರೀಬೇಕು."

ಅವರ ಹಿಂದೆ ನಿಂತಿದ್ದ ರೈಟರು, ಎಂದರೆ ಎಸ್ಟೇಟಿನ ಆಫೀಸು ನೋಡಿಕೊಳ್ಳುವ ಗುಮಾಸ್ತರು, ಗಂಟಲು ಸರಿಮಾಡಿಕೊಂಡರು.

"ಮೆಷಿನ್ ಕೆಟ್ಟಿಲ್ಲ ಮೇಡಂ. ಹೆಂಗಸ್ರು ತಿರುಗಿಸ್ತಾರೆ. ಸೆಕೆ ಆಗುತ್ತೆ ಅಂತ ಬಂದ್ ಮಾಡ್ತಾರೆ."

"ನೀವು ನೋಡಿದ್ದೀರಾ?"

"ನೋಡ್ಬೇಕಾ? ನಾಲ್ಕು ಹೆಂಗಸ್ರು ಒಳಗೆ ಇರ್ತಾರೆ, ನಾಲ್ಕನೇದು ಬಂದ್ ಆಗಿರುತ್ತೆ."

"ಹೆಂಗಸರು ನಾಲ್ಕು, ವಾಲ್ವಿನ ನಂಬರೂ ನಾಲ್ಕು. ಸಾಕ್ಷಿ ಅಂದ್ರೆ ಇಷ್ಟೇನಾ ಸಾರ್?"

ರೈಟರು ಮುಖ ತಿರುಗಿಸಿದರು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಎದುರಿನವರ ಮಾತಿನಲ್ಲಿ ತೂತು ಕಂಡರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಸಾವ್ಕಾರ್ರು ನಕ್ಕರು, ಆದರೆ ಮಾತು ಬಿಡಲಿಲ್ಲ.

"ಯಾರು ಮುಟ್ತಾರೆ ಅಂತ ನೀವೇ ಪತ್ತೆ ಮಾಡಿ ಬರ್ದು ಕೊಡಿ. ಮೇಸ್ತ್ರಿದೇ ಕೆಲ್ಸ ಅಂತಾದ್ರೆ ಆಕೇನ ಕೊಯ್ಲಿಗೆ ಹಾಕ್ತೀನಿ. ಇಲ್ಲಿಗೆ ಬೇರೆಯವ್ರು ಬರ್ಲಿ."

ಮೇಸ್ತ್ರಿ ಎಂದರೆ ಆ ನಾಲ್ವರಲ್ಲಿ ಹಿರಿಯ ಹೆಂಗಸು, ಉಳಿದ ಮೂವರಿಂದ ಕೆಲಸ ಮಾಡಿಸುವವರು. ಎಲ್ಲರಿಗೂ ಮೇಸ್ತ್ರಿ ಅಕ್ಕ. ಐವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ಹಳೆ ಶರಟು, ಎಡ ಮಂಡಿಗೆ ಬಿಗಿದ ಬಟ್ಟೆ. ಆ ಮಂಡಿಯ ದೆಸೆಯಿಂದಲೇ ಅವರನ್ನು ಇಳಿಜಾರಿನ ಕೊಯ್ಲಿನಿಂದ ಬಿಡಿಸಿ ಇಲ್ಲಿ ಹಾಕಿದ್ದಂತೆ. ಮತ್ತೆ ಆ ಇಳಿಜಾರಿಗೆ ಕಳಿಸಿದರೆ ಅವರು ಕೊಯ್ಯುವುದಿಲ್ಲ, ಮನೆಯಲ್ಲಿ ಕೂರುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು. ಅವರು ಬಾಗಿಲ ಹತ್ತಿರವೇ ಇದ್ದರು; ಈ ಮಾತೆಲ್ಲ ಕೇಳಿಸಿಕೊಂಡು ಟ್ರೇಯೊಂದರಲ್ಲಿ ಕೈಯಾಡಿಸುತ್ತಿದ್ದರು.

ನಾನು ಕೆಲಸ ಶುರುಮಾಡಿದೆ. ಮೊದಲ ನಿಯಮ, ಪರೀಕ್ಷೆ ಮಾಡುವಾಗ ಸುತ್ತ ಗಲಾಟೆ ಇರಬಾರದು. "ಅಕ್ಕ, ಒಂದು ಗಂಟೆ ಎಲ್ಲರೂ ಹೊರಗಿರಿ. ಬಾಗಿಲು ಹಾಕಿರ್ಲಿ," ಎಂದೆ. ಅವರು ಹೋದರು. ಬ್ಯಾಟರಿ ಅಳೆದೆ, ಚೆನ್ನಾಗಿತ್ತು. ಆದರೂ ಹೊಸದು ಹಾಕಿದೆ. ಪೆಟ್ಟಿಗೆಯಿಂದ ಆದೇಶ ಕೊಟ್ಟೆ. ಮೋಟಾರು ಗುಂಯ್ ಎಂದು ತಿರುಗಿತು, ಪೈಪು ಬೆಚ್ಚಗಾಯಿತು, ಹತ್ತು ನಿಮಿಷದಲ್ಲಿ ರೇಡಿಯೇಟರನ್ನು ಮುಟ್ಟಲಾಗದಷ್ಟು ಬಿಸಿ. ಇಳಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ. ಒಂದು ಗಂಟೆಯಲ್ಲಿ ಒಂದು ಸಲವೂ ತಪ್ಪಲಿಲ್ಲ. ಬ್ಯಾಟರಿಯ ತೊಂದರೆ ಎಂದು ಬರೆದುಕೊಂಡು ಆಲ್ದೂರಿನ ಬಸ್ಸು ಹತ್ತಿದೆ.

ಮನೆ ಮುಟ್ಟುವ ಮೊದಲೇ ರೈಟರ ಫೋನು. "ತಣ್ಣಗಿದೆ ಮೇಡಂ. ನೀವು ಹೋದ್ರಿ, ಅವ್ರು ಒಳಗೆ ಬಂದ್ರು, ಅದು ತಣ್ಣಗಾಯ್ತು. ಇನ್ನು ನಿಮ್ಮಿಷ್ಟ."

ಮಂಗಳವಾರ ಬೆಳಗ್ಗೆ ಒಂದನೆಯ ಮತ್ತು ನಾಲ್ಕನೆಯ ಮೋಟಾರುಗಳನ್ನು ಅದಲು ಬದಲು ಮಾಡಿದೆ. ಇದು ನಮ್ಮ ಕೆಲಸದ ಅತಿ ನೇರವಾದ ತರ್ಕ. ತೊಂದರೆ ಮೋಟಾರಿನ ಜೊತೆ ಹೋದರೆ ಮೋಟಾರಿನದು, ಜಾಗದಲ್ಲೇ ಉಳಿದರೆ ಜಾಗದ್ದು. ಹೆಂಗಸರು ಎಂದಿನಂತೆ ಒಳಗೆ ಕೆಲಸಕ್ಕಿಳಿದರು, ನಾನು ಪಕ್ಕದ ಆಫೀಸಿನಲ್ಲಿದ್ದ ಕಂಟ್ರೋಲ್ ಪೆಟ್ಟಿಗೆಯ ಮುಂದೆ ಕೂತೆ. ಒಂದು ಗಂಟೆಯೊಳಗೆ ಉತ್ತರ ಸಿಕ್ಕಿತು. ನಾಲ್ಕರ ಜಾಗಕ್ಕೆ ಹೋದ ಒಳ್ಳೆಯ ಮೋಟಾರು ಮಾತು ಕೇಳುವುದನ್ನು ಬಿಟ್ಟಿತು. ಒಂದರ ಜಾಗಕ್ಕೆ ಹೋದ ಕೆಟ್ಟ ಮೋಟಾರು ಬಂಗಾರದಂತೆ ನಡೆಯಿತು. ಎಂದರೆ ತೊಂದರೆ ಜಾಗದ್ದು. ಇಷ್ಟರವರೆಗೆ ನನ್ನ ತರ್ಕ ಸರಿಯಾಗಿಯೇ ಇತ್ತು. ಜಾಗ ಎಂದರೆ ಪೈಪು, ಪಿನ್ನು ಅಥವಾ ಸಿಗ್ನಲ್ಲು, ಈ ಮೂರರಲ್ಲೊಂದು ಎಂದು ಬೇಲಿ ಹಾಕಿಕೊಂಡದ್ದು ತಪ್ಪು. ಜಾಗದಲ್ಲಿ ಮನುಷ್ಯರೂ ಇರುತ್ತಾರೆ.

ಮತ್ತೆ ಎಲ್ಲರನ್ನೂ ಹೊರಗೆ ಕಳಿಸಿದೆ. ಮೋಟಾರು ಬಿಚ್ಚಿ ವಾಲ್ವಿನ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಹೋಗಿ ಸಲೀಸಾಗಿ ಹಿಂದೆ ಬಂತು. ಸಾಲದೆಂದು ಆ ರೇಡಿಯೇಟರಿನ ನೀರು ಬಸಿದು ಜಾಲರಿ ತೊಳೆದೆ. ಸ್ವಲ್ಪ ತುಕ್ಕು ಬಂತು, ನನಗೆ ನಿಧಿ ಸಿಕ್ಕಂತಾಯಿತು. ಮತ್ತೆ ಕೂರಿಸಿ, ಮೋಟಾರಿಗೆ ಪಿನ್ನಿನ ಓಡಾಟದ ಅಳತೆ ಹೊಸದಾಗಿ ಕಲಿಸಿದೆ. ಊಟದ ಹೊತ್ತು ಮುಗಿಯುವವರೆಗೂ ಮುತ್ತಿನಂತೆ ನಡೆಯಿತು. ಹೆಂಗಸರು ಬಂದರು. ಮೂರು ಗಂಟೆಗೆ ನಾಲ್ಕು ತಣ್ಣಗಾಯಿತು.

ಬುಧವಾರ ಸಿಗ್ನಲ್ಲಿನ ಸರದಿ. ಗೋಡೆ ಕಲ್ಲಿನದು, ಮೊಳಕ್ಕಿಂತ ದಪ್ಪ. ಆದೇಶ ತಲುಪಿತು ಎಂದು ವಾಲ್ವೇ ಹೇಳುತ್ತಿರುವಾಗ ಸಿಗ್ನಲ್ಲನ್ನು ಬಯ್ಯುವುದು ತರ್ಕವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸಿಗ್ನಲ್ ದಾಟಿಸುವ ಪೆಟ್ಟಿಗೆಯನ್ನು ಕಿಟಕಿಯ ಮೇಲಕ್ಕೆ ಸರಿಸಿ ಮೊಳೆ ಹೊಡೆದೆ. ವಾದ ಖಾಲಿಯಾದವಳು ಹೀಗೆಯೇ ಮಾಡುವುದು, ದನಿ ಏರಿಸುವುದು ಇಲ್ಲವೇ ಮೊಳೆ ಹೊಡೆಯುವುದು.

ಏಣಿಯಿಂದ ಇಳಿಯುವಾಗ ಮೇಸ್ತ್ರಿ ಅಕ್ಕ ಕೆಳಗೆ ನಿಂತಿದ್ದರು.

"ಒಂದು ಮಾತು ಹೇಳ್ತೀನಿ, ಬೈಬೇಡಿ. ನಾವು ಒಳಗೆ ಬಂದಾಗ್ಲೆಲ್ಲ ಅದು ಬಾಯಿ ಮುಚ್ಕೊಳ್ಳುತ್ತೆ."

"ಯಾವುದು?"

"ನಿಮ್ಮ ನಾಲ್ಕನೇದು. ನಾವಿಲ್ದಿದ್ರೆ ಸರಿಯಾಗಿರುತ್ತೆ. ನಾವು ಕಂಡ್ರೆ ಆಗಲ್ಲ ಅದಕ್ಕೆ."

"ಅಕ್ಕ, ಅದಕ್ಕೆ ಕಣ್ಣಿಲ್ಲ."

"ಕಣ್ಣಿದೆ ಅಂದ್ನಾ? ಆಗೋದನ್ನ ಹೇಳ್ದೆ."

ನನ್ನೊಳಗಿನ ಸ್ಪರ್ಧಿ ಎದ್ದು ಕೂತಳು. "ನೋಡಿ, ನೀವು ದಿನಪೂರ್ತಿ ಒಳಗೇ ಇರ್ತೀರಿ. ಯಾವಾಗ ಕೆಟ್ಟರೂ ನೀವು ಒಳಗಿದ್ದಾಗ್ಲೇ ಕೆಟ್ಟಿರುತ್ತೆ. ಒಂದು ಆದ ಆಮೇಲೆ ಇನ್ನೊಂದು ಆಯ್ತು ಅಂದ್ರೆ ಅದ್ರಿಂದ್ಲೇ ಆಯ್ತು ಅಂತ ಹೇಗೆ ಹೇಳ್ತೀರಿ? ಕೋಳಿ ಕೂಗಿದ್ಮೇಲೆ ಬೆಳಗಾಗುತ್ತೆ, ಕೋಳಿ ಬೆಳಗು ಮಾಡುತ್ತಾ?"

ವಾದವಾಗಿ ಇದರಲ್ಲಿ ಕುಂದಿಲ್ಲ. ಅಕ್ಕ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿದ್ದ ರೈಟರು ಒಳಗೆ ಬಂದೇಬಿಟ್ಟರು.

"ಕೇಳಿದ್ರಲ್ಲ ಮೇಡಂ. ಅವ್ರ ಬಾಯಲ್ಲೇ ಬಂತು. ಅವ್ರು ಒಳಗಿದ್ರೆ ಬಂದ್ ಆಗುತ್ತಂತೆ. ಇನ್ನೇನು ಬೇಕು? ಬರ್ಕೊಳ್ಳಿ."

ಅಕ್ಕನ ಮುಖ ಕಂದಿತು. "ನಾನು ಅದನ್ನ ಮುಟ್ಟಿಲ್ಲ ರೈಟ್ರೇ. ದೇವ್ರಾಣೆ ಮುಟ್ಟಿಲ್ಲ," ಎಂದು ಹೇಳಿ ಟ್ರೇಗಳ ಕಡೆ ಹೋದವರು ಆ ದಿನ ಮತ್ತೆ ನನ್ನೊಡನೆ ಮಾತಾಡಲಿಲ್ಲ. ಸಹಾಯವಾಗಲೆಂದು ಹೇಳಿದ ಮಾತು ಅವರ ಮೇಲೆಯೇ ತಪ್ಪೊಪ್ಪಿಗೆಯಾಗಿ ಬಿದ್ದಿತ್ತು. ಮಾತನ್ನು ನಾನು ಕೋಳಿಯ ಉಪಮೆಯಿಂದ ಹೊಡೆದು ಹಾಕುವ ಬದಲು, ಒಳಗೆ ಬಂದು ನೀವು ಏನೇನು ಮಾಡುತ್ತೀರಿ ಎಂದು ಒಂದು ಪ್ರಶ್ನೆ ಕೇಳಿದ್ದರೆ ಒಂದು ದಿನ ಉಳಿಯುತ್ತಿತ್ತು.

ಆಮೇಲೆ ಒಂದು ವಾಸನೆ ಬಂತು. ನಾಲ್ಕರ ಮುಂದಿನ ಚೌಕಟ್ಟಿನ ಕೆಳಗಿನ ಎರಡು ಟ್ರೇಗಳಿಗೆ ಮೂಗು ಇಟ್ಟೆ. ಹಿಂದಿನ ದಿನದ ಗಂಜಿ ಹುಳಿಯಾದಂಥ ವಾಸನೆ. ಇನ್ನೊಂದು ದಿನ ಹೀಗೇ ಬಿಟ್ಟರೆ ಚೌಕಟ್ಟು ಇಡೀ ಹೋಗುತ್ತದೆಂದು ತಿಳಿಯಲು ಲ್ಯಾಪ್‌ಟಾಪು ಬೇಕಿರಲಿಲ್ಲ. ಅಲ್ಲಿಯವರೆಗೆ ನಾನು ವಾಲ್ವನ್ನು ಗೆಲ್ಲಲು ನೋಡುತ್ತಿದ್ದೆ. ಗೆಲ್ಲಬೇಕಾದದ್ದು ಅದನ್ನಲ್ಲ, ಬೀಜವನ್ನು ಉಳಿಸಿಕೊಳ್ಳಬೇಕಿತ್ತು.

ಮೋಟಾರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ವಾಲ್ವಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ತಿರುಗಣೆಯನ್ನು ಚೀಲದ ತಳದಿಂದ ಹುಡುಕಿ ತೆಗೆದು ಪಿನ್ನಿನ ಮೇಲೆ ಕೂರಿಸಿದೆ. ಇದನ್ನು ಕೈಯಲ್ಲಿ ತಿರುಗಿಸಿಯೇ ಬಿಸಿ ಹೆಚ್ಚು ಕಡಿಮೆ ಮಾಡಬೇಕು. ಪೂರ್ತಿ ತೆರೆದು ಬಿಟ್ಟರೆ ಆ ಮೂಲೆ ಉರಿದು ಹೊಟ್ಟು ಬಿರಿಯುತ್ತದೆ, ಪೂರ್ತಿ ಮುಚ್ಚಿದರೆ ಹುಳಿ. ಯಾರಾದರೂ ಕಾದು ಕೂರಬೇಕು.

"ಇದನ್ನ ಮೇಸ್ತ್ರಿ ಅಕ್ಕ ನೋಡ್ಕೊಳ್ಳಲಿ," ಎಂದೆ ಸಾವ್ಕಾರ್ರಿಗೆ.

ರೈಟರು ನಕ್ಕೇಬಿಟ್ಟರು. "ಚೆನ್ನಾಗಿದೆ. ಯಾರ ಮೇಲೆ ಅನುಮಾನವೋ ಅವ್ರ ಕೈಗೇ ಕೀಲಿ."

"ಅದಕ್ಕೇ ಸಾರ್. ಇಷ್ಟು ದಿನ ಅವರು ಕದ್ದು ಮುಚ್ತಾ ಇದ್ರು ಅನ್ನೋದು ನಿಮ್ಮ ವಾದ. ಈಗ ಮುಚ್ಚೋದೂ ತೆರೆಯೋದೂ ಅವರದ್ದೇ ಕೆಲಸ. ನಾಳೆ ಬೆಳಗ್ಗೆ ಆ ಮೂಲೆ ತಣ್ಣಗಿದ್ರೆ ನೀವು ಗೆದ್ರಿ. ಬಿಸಿ ಇದ್ರೆ?"

"ಇದ್ರೆ?"

"ಇದ್ರೆ ಬೇರೆ ಏನೋ ಇದೆ ಅಂತ ನೀವು ಒಪ್ಪಬೇಕು."

ಸಾವ್ಕಾರ್ರು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. "ನಾಳೆವರೆಗೆ ನೋಡುವ," ಎಂದರು.

ಅಕ್ಕ ತಿರುಗಣೆಯ ಮುಂದೆ ಒಂದು ಮಣೆ ಹಾಕಿ ಕೂತರು. ಎಷ್ಟು ಡಿಗ್ರಿ ಎಂದು ನಾನು ಹೇಳಲು ಹೋದರೆ ನನ್ನ ಕಡೆ ನೋಡದೆ ಮುಂಗೈಯ ಹಿಂಭಾಗವನ್ನು ರೇಡಿಯೇಟರಿನ ಎದುರು ಹಿಡಿದರು, ಆಮೇಲೆ ಟ್ರೇಯ ಕೆಳಗೆ ಹಿಡಿದರು, ಕಾಲು ಸುತ್ತು ತಿರುಗಿಸಿದರು. ಹುಳಿ ಹತ್ತಿದ ಎರಡು ಟ್ರೇಗಳನ್ನು ತಾವೇ ಹೊರಗೆ ಹೊರಿಸಿ ಬೇರೆ ಇಡಿಸಿದರು.

ಗುರುವಾರ ಬೆಳಗ್ಗೆ ನಾನು ಹೋಗುವಾಗ ಅವರು ಆಗಲೇ ಮಣೆಯ ಮೇಲಿದ್ದರು. ಮೂಲೆ ಬೆಚ್ಚಗಿತ್ತು. ವಾಸನೆ ಇರಲಿಲ್ಲ. ಆ ಮೂಲೆಯಲ್ಲಿ ತೂಗುಹಾಕಿದ್ದ ಉಷ್ಣಮಾಪಕದ ದಾಖಲೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಗೆರೆ ಮೂವತ್ತೆಂಟರ ಅಕ್ಕಪಕ್ಕವೇ ಹೋಗಿತ್ತು. ನನ್ನ ಪೆಟ್ಟಿಗೆ ಒಂದನೆಯ ರೇಡಿಯೇಟರನ್ನು ನಡೆಸಿದ್ದಕ್ಕಿಂತ ಅಕ್ಕನ ಮುಂಗೈ ನಾಲ್ಕನೆಯದನ್ನು ನಡೆಸಿದ್ದೇ ಹೆಚ್ಚು ಸಮವಾಗಿತ್ತು. ರೈಟರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಆಫೀಸಿಗೆ ಹೋದರು.

ಗೆರೆ ನೇರವಿತ್ತು, ಆದರೆ ಪೂರ್ತಿ ನೇರವಿರಲಿಲ್ಲ. ಅದರಲ್ಲಿ ಕಚ್ಚುಗಳಿದ್ದವು. ಇಷ್ಟಿಷ್ಟೇ ಇಳಿದು ಎರಡು ಮೂರು ನಿಮಿಷದಲ್ಲಿ ಮತ್ತೆ ಏರಿದ ಗುರುತುಗಳು. ನಿನ್ನೆ ಮಧ್ಯಾಹ್ನ ಮೂರಕ್ಕೆ ಒಂದು, ಮೂರೂವರೆಗೆ ಒಂದು, ನಾಲ್ಕಕ್ಕೆ, ನಾಲ್ಕೂವರೆಗೆ. ಇವತ್ತು ಬೆಳಗ್ಗೆ ಕೆಲಸ ಶುರುವಾದ ಮೇಲೆ ಮತ್ತೆ ಹಾಗೆಯೇ, ಗರಗಸದ ಹಲ್ಲಿನಂತೆ.

"ಅಕ್ಕ, ಅರ್ಧ ಗಂಟೆಗೊಮ್ಮೆ ಏನು ಮಾಡ್ತೀರಿ?"

ಅವರು ನನ್ನನ್ನು ಒಂದು ಕ್ಷಣ ನೋಡಿದರು, ಈ ಪ್ರಶ್ನೆಗೆ ಇಷ್ಟು ದಿನ ಬೇಕಾಯಿತೇ ಎನ್ನುವ ಹಾಗೆ.

"ಕೈಯಾಡಿಸ್ತೀವಿ. ಹಬೆ ಕಳಿಸ್ತೀವಿ."

"ಹಬೆ ಕಳಿಸೋದು ಅಂದ್ರೆ?"

"ಎರಡೂ ಬಾಗ್ಲು ಪೂರ್ತಿ ತೆಗ್ದು ಕೈಯಾಡಿಸೋದು. ಒದ್ದೆ ಗಾಳಿ ಒಳಗೇ ನಿಂತ್ರೆ ಬೀಜ ಬೇಯುತ್ತೆ, ಒಣಗಲ್ಲ. ಏಲಕ್ಕಿ ಗೂಡಲ್ಲೂ ಹಂಗೇ ಅಲ್ವಾ? ನನ್ನ ಅತ್ತೆ ಅಲ್ಲೇ ಕೆಲ್ಸ ಮಾಡ್ತಿದ್ರು, ಅವ್ರು ಹೇಳ್ಕೊಟ್ಟಿದ್ದು. ಹಬೆ ಕಳಿಸ್ದೆ ಕೈಯಾಡಿಸ್ಬಾರ್ದು."

ಏಲಕ್ಕಿ ಒಣಗಿಸುವ ಬಿಸಿ ಕೋಣೆಯ ಈ ಕ್ರಮವನ್ನು ಆ ಹೆಂಗಸರು ಕಾಫಿಗೆ ತಂದಿದ್ದರು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ನಾವು ಯಾರೂ ಕೇಳಿರಲಿಲ್ಲ. ಬಿಸಿಲಿನ ದಿನಗಳಲ್ಲಿ ಹೊರಗಿನ ಗಾಳಿಯೂ ಬೆಚ್ಚಗಿರುವುದರಿಂದ ಬಾಗಿಲು ತೆರೆದರೂ ಏನೂ ಆಗುತ್ತಿರಲಿಲ್ಲ. ಈ ವಾರ ಹೊರಗೆ ಚಳಿಗಾಳಿ. ಮತ್ತೆ ನಾನು, ಪರೀಕ್ಷೆ ಶುದ್ಧವಾಗಿರಲೆಂದು, ಪ್ರತಿ ಸಲವೂ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದೆ. ಎದುರಾಳಿಯನ್ನು ಸಭೆಯಿಂದ ಹೊರಗೆ ಹಾಕಿ ಒಬ್ಬಳೇ ಭಾಷಣ ಮಾಡಿ ಗೆದ್ದೆನೆಂದು ಬಸ್ಸು ಹತ್ತುತ್ತಿದ್ದೆ.

ಜೇಬಿನಿಂದ ಮೋಟಾರು ತೆಗೆದು ಮತ್ತೆ ನಾಲ್ಕರ ಮೇಲೆ ಕೂರಿಸಿದೆ. "ಅಕ್ಕ, ಇವತ್ತು ಯಾರೂ ಹೊರಗೆ ಹೋಗೋದು ಬೇಡ. ನಾನಿಲ್ಲ ಅಂದ್ಕೊಳ್ಳಿ. ಯಾವಾಗಿನ ಹಾಗೆ ಕೆಲಸ ಮಾಡಿ."

"ನೀವಿಲ್ಲ ಅಂದ್ಕೊಳ್ಳೋದು ಕಷ್ಟ," ಎಂದಳು ನಾಲ್ವರಲ್ಲಿ ಒಬ್ಬಳು. "ನಿಮ್ಮ ಬಾಯಿ ಕೇಳ್ಸುತ್ತಲ್ಲ." ಎಲ್ಲರೂ ನಕ್ಕರು. ಅಕ್ಕನೂ ಸ್ವಲ್ಪ ನಕ್ಕರು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಬಾಗಿಲುಗಳನ್ನು ದಬಾರನೆ ತೆರೆದರು. ಹಬೆ ಬೆಳ್ಳಗೆ ಹೊರಗೆ ಹೋಯಿತು, ಮಂಜಿನ ಗಾಳಿ ಒಳಗೆ ನುಗ್ಗಿತು. ನಾನು ನಾಲ್ಕರ ಪಕ್ಕ ನೆಲದ ಮೇಲೆ ಮಲಗಿದಂತೆ ಬಗ್ಗಿ, ಮೊಬೈಲಿನ ಕ್ಯಾಮೆರಾವನ್ನು ಗೋಡೆಗೂ ಮೋಟಾರಿಗೂ ನಡುವಿನ ಸಂದಿಗೆ ತೂರಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಮೋಟಾರು ಗುಂಯ್ ಎಂದಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಪೆಟ್ಟಿಗೆ ಅದಕ್ಕೆ ಏನೂ ಹೇಳಿರಲಿಲ್ಲ. ವಾಲ್ವು ತಾನಾಗಿ ಪೂರ್ತಿ ಮುಚ್ಚಿಕೊಂಡಿತು. ಗೋಡೆಗೆ ಮುಖಮಾಡಿದ್ದ ಪುಟ್ಟ ಪರದೆಯ ಮೇಲೆ ಒಂದು ಚಿತ್ರ ಮೂಡಿತ್ತು, ತೆರೆದ ಕಿಟಕಿ.

ಅದೇ ಸ್ಥಿತಿಯಲ್ಲಿ ರೈಟರಿಗೆ ಕೂಗಿ ಹೇಳಿದೆ, ಪೆಟ್ಟಿಗೆಯಿಂದ ಮೂವತ್ತೆಂಟು ಒತ್ತಿ ಎಂದು. ಆಫೀಸಿನಿಂದ ಅವರ ದನಿ ಬಂತು, "ಆದೇಶ ತಲುಪಿತು ಅಂತ ತೋರಿಸ್ತಿದೆ." ಮೋಟಾರು ಅಲುಗಲಿಲ್ಲ.

ಕೈಪಿಡಿಯನ್ನು ತೆಗೆದೆ. ಮನೆಗಳಿಗಾಗಿ ಎಂಬ ತಲೆಬರಹದ ಪುಟ. ಇದು ಮನೆಯಲ್ಲ, ಒಣಗಿಸುವ ಕೋಣೆ ಎಂದು ನಾನು ಓದದೆ ದಾಟಿದ್ದ ಪುಟ. ಈ ವಾಲ್ವುಗಳು ಹುಟ್ಟಿದ್ದು ಚಳಿದೇಶದ ಮನೆಗಳಿಗೆ. ಅಲ್ಲಿ ಯಾರಾದರೂ ಕಿಟಕಿ ತೆರೆದಿಟ್ಟು ಮರೆತರೆ ಬಿಸಿಯೆಲ್ಲ ಬೀದಿಪಾಲಾಗುತ್ತದೆ. ಅದಕ್ಕೆ ವಾಲ್ವಿಗೊಂದು ಕಾವಲು ಕಲಿಸಿರುತ್ತಾರೆ: ಸುತ್ತಲಿನ ಬಿಸಿ ಥಟ್ಟನೆ ಇಳಿದರೆ ಕಿಟಕಿ ತೆರೆದಿದೆ ಎಂದು ತಿಳಿದು ಮುಚ್ಚಿಕೋ, ಅರ್ಧ ಗಂಟೆ ಯಾರ ಆದೇಶವನ್ನೂ ಪಾಲಿಸಬೇಡ. ಆದೇಶ ಬಂದರೆ ತಲುಪಿತು ಎಂದು ಮಾತ್ರ ಹೇಳು.

ಅರ್ಧ ಗಂಟೆ ವಾಲ್ವಿನ ಮುನಿಸು. ಅರ್ಧ ಗಂಟೆಗೊಮ್ಮೆ ಅಕ್ಕನ ಹಬೆ. ಮುನಿಸು ಇಳಿಯುವ ಹೊತ್ತಿಗೆ ಸರಿಯಾಗಿ ಬಾಗಿಲು ಮತ್ತೆ ತೆರೆಯುತ್ತಿತ್ತು. ಹಿಂಬಾಗಿಲಿನ ಗಾಳಿ ನೇರ ಬಡಿಯುತ್ತಿದ್ದದ್ದು ನಾಲ್ಕಕ್ಕೆ ಮಾತ್ರ, ಉಳಿದವು ಚೌಕಟ್ಟುಗಳ ಮರೆಯಲ್ಲಿದ್ದವು. ಮೋಟಾರು ಬದಲಿಸಿದರೂ ತೊಂದರೆ ಜಾಗದಲ್ಲೇ ಉಳಿದದ್ದು ಅದಕ್ಕೆ. ಆ ಕಾವಲು ನಾಲ್ಕೂ ಮೋಟಾರುಗಳಲ್ಲಿತ್ತು, ಗಾಳಿ ಇದ್ದದ್ದು ಒಂದೇ ಕಡೆ. ಆ ಪರದೆಯನ್ನು ನಾನು ಗೋಡೆಗೆ ತಿರುಗಿಸದಿದ್ದರೆ ಕಿಟಕಿಯ ಚಿತ್ರವನ್ನು ಸೋಮವಾರವೇ ಯಾರಾದರೂ ನೋಡುತ್ತಿದ್ದರು.

ಗುಂಡಿ ಒತ್ತಿ ಹಿಡಿದು ಆ ಕಾವಲನ್ನು ತೆಗೆದೆ, ನಾಲ್ಕರಲ್ಲೂ. ನಾಲ್ಕನೆಯದನ್ನು ಬಿಚ್ಚಿ ಪರದೆ ಹೊರಗೆ ಕಾಣುವಂತೆ ಕೂರಿಸಿ, ನೀರು ಸಿಡಿಯದಂತೆ ಮೇಲೊಂದು ತಗಡು ಬಗ್ಗಿಸಿ ಹೊಡೆದೆ. "ಅಕ್ಕ, ಹಬೆ ಕಳಿಸಿ," ಎಂದೆ.

"ಈಗ ತಾನೇ ಕಳಿಸಿದ್ದು."

"ಇನ್ನೊಂದ್ಸಲ ಕಳಿಸಿ. ನನಗೋಸ್ಕರ."

ಬಾಗಿಲು ತೆರೆದವು. ಗಾಳಿ ಬಂತು. ನಾವು ಆರು ಜನ, ರೈಟರೂ ಸೇರಿ, ಮುಷ್ಟಿಗಾತ್ರದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಸುತ್ತುವರಿದು ನಿಂತಿದ್ದೆವು. ಮೋಟಾರು ಗುಂಯ್ ಎಂದಿತು. ಮತ್ತೆ ಮುಚ್ಚಿಕೊಳ್ಳುತ್ತಿದೆ ಎಂದುಕೊಂಡೆ. ಆದರೆ ಈ ಸಲ ಅದು ತೆರೆಯುತ್ತಿತ್ತು; ಬಿಸಿ ಇಳಿಯಿತೆಂದು ಇನ್ನಷ್ಟು ನೀರು ಬಿಡುತ್ತಿತ್ತು. ಪೈಪು ಟಿಕ್ ಟಿಕ್ ಎಂದು ಕಾಯತೊಡಗಿತು. ಅಕ್ಕ ಮುಂಗೈ ಹಿಡಿದು ನೋಡಿ, "ಹ್ಞಾಂ, ಈಗ ಮಾತು ಕೇಳ್ತಿದೆ," ಎಂದರು. ಸಂಜೆಯವರೆಗೆ ಅಲ್ಲೇ ಇದ್ದು ಇನ್ನೂ ಹತ್ತು ಹದಿನೈದು ಸಲ ಬಾಗಿಲು ತೆರೆಸಿ ನೋಡಿದೆ. ಒಂದು ಸಲ ನಂಬುವುದು ನನ್ನ ಜಾಯಮಾನವಲ್ಲ.

ಆಫೀಸಿನಲ್ಲಿ ರೈಟರು ತಮ್ಮ ಪುಸ್ತಕವನ್ನು ಮುಂದಿಟ್ಟರು. ಅವರೇ ಗೆರೆ ಎಳೆದ ಕಾಲಂಗಳು: ದಿನ, ತೊಂದರೆ, ಮುಟ್ಟಿದವರು. ಕೊನೆಯದು ಈ ವಾರವೇ ಹುಟ್ಟಿದ ಕಾಲಂ. ಸಾವ್ಕಾರ್ರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ಬಾಗಿಲ ಹೊರಗೆ ಅಕ್ಕ. ತೊಂದರೆಯ ಕಾಲಂನಲ್ಲಿ ಬರೆದೆ: ಕಿಟಕಿ ಕಾವಲನ್ನು ತೆಗೆಯದೆ ಕೂರಿಸಿದ್ದು, ಪರದೆಯನ್ನು ಗೋಡೆಗೆ ತಿರುಗಿಸಿದ್ದು. ಮುಟ್ಟಿದವರು ಎಂಬಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ.

ಸಾವ್ಕಾರ್ರು ಓದಿದರು. "ಬಾಗ್ಲು ತೆಗೀಬಾರ್ದು ಅಂತ ಆಕೆಗೆ ಹೇಳ್ಬೇಕಾ ಮತ್ತೆ?"

"ಬೇಡ ಸಾವ್ಕಾರ್ರೇ. ಅವರು ಮಾಡೋದು ಸರಿ. ಹಬೆ ಹೋಗದಿದ್ರೆ ಎಷ್ಟು ಬಿಸಿ ಕೊಟ್ರೂ ಒಣಗಲ್ಲ. ವಾಲ್ವಿಗೆ ಅವರ ಕೆಲಸ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ಅವರು ಹೊರಗೆ ತಲೆ ಹಾಕಿದರು. "ಏ ಮೇಸ್ತ್ರಿ, ಕೊಯ್ಲು ಗಿಯ್ಲು ಎಂತದೂ ಇಲ್ಲ. ಇಲ್ಲೇ ಇರು ಮಾರಾಯ್ತಿ."

"ನಾನೆಲ್ಲಿಗೆ ಹೋಗ್ತೀನಿ ಅಂದೆ?" ಎಂದರು ಅಕ್ಕ. ಅವರ ಕೈ ಮಂಡಿಯ ಬಟ್ಟೆಯ ಮೇಲಿತ್ತು. ರೈಟರು ಪುಸ್ತಕ ಮುಚ್ಚಿ, ಎರಡು ಲೋಟ ಕಾಫಿ ತರಿಸಿ, ಒಂದನ್ನು ತಾವೇ ಎದ್ದು ಬಾಗಿಲಾಚೆಗೆ ನೀಡಿದರು. ಕ್ಷಮೆ ಕೇಳಲಿಲ್ಲ. ಅಕ್ಕ ಅದನ್ನು ಕುಡಿದರು.

ಭಾನುವಾರ ನನಗೆ ರಜೆ. ಆದರೂ ಹೋದೆ. ಶುಕ್ರವಾರದಿಂದ ಮೋಡ ಹರಿದು ಬಿಸಿಲು ಬಿದ್ದಿತ್ತು, ಕಣದ ಟಾರ್ಪಾಲು ತೆಗೆದಿದ್ದರು. ಒಣಗಿಸುವ ಮನೆಯಲ್ಲಿ ನಾಲ್ಕರ ಮುಂದಿನ ಚೌಕಟ್ಟಿನಿಂದ ಅಕ್ಕ ಒಂದು ಟ್ರೇ ಎಳೆದು ಅಲ್ಲಾಡಿಸಿದರು. ಒದ್ದೆ ಬೀಜ ಮೂಕವಾಗಿರುತ್ತದೆ. ಇದು ಗಲಗಲ ಎಂದಿತು. ಒಂದು ಬೀಜ ತೆಗೆದು ಹೊಟ್ಟು ಬಿಡಿಸಿ ಹಲ್ಲಿಗೆ ಹಾಕಿ ಕಚ್ಚಿದರು. ಎರಡು ಹೋಳಾಯಿತು. ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ತಲೆಯಾಡಿಸಿದರು. ಹೊರಗಿಟ್ಟ ಆ ಎರಡು ಟ್ರೇ ಬಿಟ್ಟರೆ ಲಾಟು ಉಳಿದಿತ್ತು.

"ನೋಡಿದ್ರಾ ಅಕ್ಕ," ಎಂದೆ. ಹೇಳದೆ ಇರಲಾಗಲಿಲ್ಲ. "ಆ ಕಾವಲು ತೆಗೆದ ಮೇಲೆ ಎಷ್ಟು ಚೆನ್ನಾಗಿ ಒಣಗಿದೆ."

ಅಕ್ಕ ಹಲ್ಲಿನ ಸಂದಿಯ ಚೂರನ್ನು ನಾಲಗೆಯಿಂದ ತಳ್ಳಿಕೊಂಡರು.

"ಒಂದು ಆದ ಆಮೇಲೆ ಇನ್ನೊಂದು ಆಯ್ತು ಅಂದ್ರೆ ಅದ್ರಿಂದ್ಲೇ ಆಯ್ತು ಅಂತ ಹೇಗೆ ಹೇಳ್ತೀರಿ ಮೇಡಂ? ಬಿಸಿಲೂ ಬಂದಿದೆಯಲ್ಲ."

ಹಿಂದೆ ಮೂವರೂ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಉತ್ತರಕ್ಕೆ ಬೇಕಾದ ಗ್ರಾಫು ನನ್ನ ಚೀಲದಲ್ಲೇ ಇತ್ತು. ಚೀಲ ತೆಗೆಯಲಿಲ್ಲ. ಅಕ್ಕ ಉಳಿದರ್ಧ ಬೀಜವನ್ನು ನನ್ನ ಅಂಗೈಗೆ ಹಾಕಿ, ಹೊತ್ತಾಯಿತೆಂದು ಹಿಂಬಾಗಿಲು ತೆರೆಯಲು ಎದ್ದರು.